ಮೂಗು ಕಟ್ಟಿದವರ ಜವಳಿ ಅಂಗಡಿ

ನಮ್ಮೂರಲ್ಲಿ ಯಾರೂ ಯಾರನ್ನೂ "ಏನು ಬೇಕು" ಎಂದು ಕೇಳುವುದಿಲ್ಲ. ಹಾಗೆ ಕೇಳಿದವನು ಮೂಗು ಕಟ್ಟಿದವನೆಂದೇ ಲೆಕ್ಕ. ಉಳಿದವರು ಕೇಳಬೇಕಾಗಿಲ್ಲ, ಅವರಿಗೆ ವಾಸನೆ ಬರುತ್ತದೆ. ಯಾರಿಗೆ ಏನು ಬೇಕೆನಿಸಿದರೂ ಅವರ ಮೈಯಿಂದ ಅದರದೇ ವಾಸನೆ ಏಳುತ್ತದೆ. ಕಾಫಿ ಬೇಕಾದವನು ಕಾಫಿಪುಡಿಯ ಹಾಗೆ, ಇನ್ನೊಂದು ಸೌಟು ಪಾಯಸ ಬಡಿಸಲಿ ಎಂದು ಎಲೆಯ ಮುಂದೆ ಸಂಕೋಚಪಟ್ಟು ಕೂತವನು ಏಲಕ್ಕಿಯ ಹಾಗೆ, ಊರು ಬಿಟ್ಟು ಹೋಗಬೇಕೆಂದು ಒಳಗೊಳಗೇ ಹಾತೊರೆಯುವವನು ಬಸ್ಸಿನ ಡೀಸೆಲ್ಲಿನ ಹಾಗೆ ನಾರುತ್ತಾನಂತೆ. ಅಂತೆ ಎನ್ನುವುದು ಯಾಕೆಂದರೆ ನನ್ನ ಮೂಗು ಬುದ್ಧಿ ಬಂದಾಗಿನಿಂದ ಕಟ್ಟಿಕೊಂಡೇ ಇತ್ತು.

ಕಟ್ಟಿಕೊಂಡಿತ್ತು ಎಂದರೆ ನೆಗಡಿಯಲ್ಲ. ನೆಗಡಿ ಬಂದು ಹೋಗುವ ನೆಂಟ, ಇದು ಮನೆ ಅಳಿಯ. ಡಾಕ್ಟರುಗಳು ಸೈನಸ್ ಎಂದು ಹೆಸರಿಟ್ಟಿದ್ದರು. ಹುಬ್ಬುಗಳ ನಡುವೆ ಯಾರೋ ಗುಂಡುಕಲ್ಲು ಇಟ್ಟು ಮರೆತುಹೋದಷ್ಟು ಭಾರ. ಚಪ್ಪಲಿ ಮೆಟ್ಟಲು ಬಗ್ಗಿದರೆ ಕಣ್ಣಿನ ಹಿಂದೆ ಸಿಡಿತ. ಬಾಯಲ್ಲೇ ಉಸಿರಾಡಿ ಆಡಿ ನಾಲಿಗೆ ಸದಾ ಒಣ. ನೀಲಗಿರಿ ಎಣ್ಣೆ ಹಾಕಿ ಹಬೆ ಹಿಡಿದೆ, ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆದೆ, ಯಾರೋ ಹೇಳಿದರೆಂದು ತುಂಬೆಸೊಪ್ಪಿನ ರಸವನ್ನು ಮೂಗಿಗೆ ಬಿಟ್ಟುಕೊಂಡು ಅಂಗಳದಲ್ಲಿ ಕುಣಿದೆ. ಅಳಿಯ ಕದಲಲಿಲ್ಲ.

ಹಾಗೆಂದು ಅವನನ್ನು ಬೈಯುವಂತೆಯೂ ಇರಲಿಲ್ಲ, ನನಗೆ ಅನ್ನ ಹಾಕಿದವನೂ ಅವನೇ. ನಮ್ಮೂರಲ್ಲಿ ಮೂಗು ಚೆನ್ನಾಗಿರುವವನು ಸೀರೆ ಅಂಗಡಿ ಇಟ್ಟು ಉದ್ಧಾರವಾದದ್ದಿಲ್ಲ. ನನ್ನ ಎದುರಿಗೇ ಅಂಗಡಿ ಇಟ್ಟಿದ್ದ ಗುರುಬಸಪ್ಪನ ಮೂಗು ಊರಿಗೇ ಚುರುಕು. ಹೆಂಗಸರು ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಮನಸ್ಸಿನಲ್ಲಿದ್ದ ಸೀರೆಯನ್ನೇ ಕಪಾಟಿನಿಂದ ಎಳೆದು ಮುಂದೆ ಹಾಸಿಬಿಡುತ್ತಿದ್ದ. ಅದೇ ಸೀರೆ, ಅನುಮಾನವೇ ಇಲ್ಲ. ಆದರೆ ಅಷ್ಟು ಬಿಸಿಲಲ್ಲಿ ನಡೆದು ಬಂದು, ಬೆವರು ಆರುವ ಮೊದಲೇ ಸೀರೆ ಹಿಡಿದುಕೊಂಡು ವಾಪಸು ಹೋಗುವುದಕ್ಕೆ ಯಾವ ಹೆಂಗಸು ಜವಳಿ ಅಂಗಡಿಗೆ ಬರುತ್ತಾಳೆ? ಚೌಕಾಸಿಯೂ ಇಲ್ಲ. ಬಾಯಿ ಬೇಡವೆಂದರೂ ಮೈಯೆಲ್ಲ ಬೇಕು ಬೇಕು ಎನ್ನುತ್ತಿದ್ದರೆ ಅವನು ಯಾಕೆ ಬೆಲೆ ಇಳಿಸುತ್ತಾನೆ. ಕೊನೆಗೆ ಅಂಗಡಿ ಮುಚ್ಚಿ ಸಿಮೆಂಟು ಮಾರಲು ಹೋದ. ನಾನೋ, "ಏನು ತೋರಿಸಲಿ ತಾಯಿ" ಎಂದು ಕೇಳುತ್ತಿದ್ದೆ. ಆ ಪ್ರಶ್ನೆ ಕೇಳಿಸಿಕೊಳ್ಳುವ ಸುಖಕ್ಕೇ ಅರ್ಧ ಊರು ಬರುತ್ತಿತ್ತು. ಗಾದಿಯ ಮೇಲೆ ಸೀರೆಯ ಗುಡ್ಡೆ ಬೀಳುತ್ತಿತ್ತು, ಅವರು ಒಂದೊಂದನ್ನೂ ಭುಜದ ಮೇಲೆ ಎಳೆದುಕೊಂಡು ಕನ್ನಡಿ ನೋಡಿ, ಮೊದಲೇ ಮನಸ್ಸಿನಲ್ಲಿದ್ದದ್ದನ್ನು ಕೊನೆಗೆ ಬೇಡದ ಮುಖ ಮಾಡಿಕೊಂಡು ಒಯ್ಯುತ್ತಿದ್ದರು.

ಊರಿನ ಮರ್ಯಾದೆಯೊಂದಿದೆ. ಇನ್ನೊಬ್ಬರಿಗೆ ಬೇಕಾದದ್ದರ ವಾಸನೆ ಬಂದರೆ, ಕೈಲಾಗುವಂಥದ್ದನ್ನು ಸದ್ದಿಲ್ಲದೆ ತಂದುಕೊಡಬೇಕು, ಆಗದಿದ್ದರೆ ಸುಮ್ಮನಿರಬೇಕು. ಆದರೆ ಒಬ್ಬರ ಆಸೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಗಂಡನದನ್ನು ಹೆಂಡತಿಗೆ ಹೇಳುವಂತಿಲ್ಲ, ಹೆಂಡತಿಯದನ್ನು ಗಂಡನಿಗೂ ಹೇಳುವಂತಿಲ್ಲ. ಹೆಣ್ಣು ನೋಡುವ ದಿನವಂತೂ ಎರಡು ಕಡೆಯವರೂ ಮೂಗಿಗೆ ಹತ್ತಿ ಇಟ್ಟುಕೊಂಡೇ ಜಮಖಾನದ ಮೇಲೆ ಕೂರುತ್ತಾರೆ. ನಾನು ಸರ್ವಮಂಗಳೆಯನ್ನು ನೋಡಲು ಹೋದಾಗ ನನಗೆ ಹತ್ತಿಯ ಅಗತ್ಯವೇನೂ ಇರಲಿಲ್ಲ, ಶಾಸ್ತ್ರಕ್ಕೆಂದು ಇಟ್ಟರು. ನಾನು ಅಭ್ಯಾಸದಂತೆ, "ನಿಮಗೆ ನಾನು ಬೇಕಾ" ಎಂದು ಅವಳನ್ನೇ ಕೇಳಿಬಿಟ್ಟೆ. ಜಮಖಾನವೆಲ್ಲ ಗಾಬರಿಯಾಯಿತು. ಅವಳು ತಲೆ ಎತ್ತಿ ನನ್ನ ಮುಖವನ್ನು ಚೆನ್ನಾಗಿ ನೋಡಿ "ಹೂಂ" ಎಂದಳು.

ಮದುವೆಯಾದ ಮೇಲೂ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಕೇಳುತ್ತಿದ್ದೆ, ಏನು ಬೇಕು ಎಂದು. ಏನೂ ಬೇಡ ಎನ್ನುತ್ತಿದ್ದಳು. ಬೇರೆ ಗಂಡಂದಿರಾದರೆ ಮೂಗೆಳೆದು ನಿಜ ತಿಳಿದುಕೊಳ್ಳುತ್ತಿದ್ದರು, ನನಗೆ ಇದ್ದದ್ದು ಬರೀ ಮಾತು. ನಾವಿಬ್ಬರೂ ಪೇಟೆಯಲ್ಲಿ ನಡೆದು ಹೋಗುವಾಗ ಜನ ಅವಳ ಕಡೆ ಮೂಗರಳಿಸಿ, ಆಮೇಲೆ ನನ್ನನ್ನು ನೋಡಿ, ಅಯ್ಯೋ ಪಾಪ ಎನ್ನುವ ಮುಖ ಮಾಡಿ ಸುಮ್ಮನಾಗುತ್ತಿದ್ದರು. ಆ ಮುಖಗಳು ನನ್ನ ಜೀವ ಹಿಂಡುತ್ತಿದ್ದವು. ನನ್ನ ಹೆಂಡತಿಗೆ ಏನು ಬೇಕೆಂಬುದು ಇಡೀ ಊರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಡೀಸೆಲ್ ವಾಸನೆಯೇ ಬರುತ್ತಿದ್ದರೆ ಏನು ಗತಿ ಎಂದು ಎಷ್ಟೋ ಸಲ ಅನ್ನಿಸಿದೆ.

ಅವಳಿಗೆ ಮಾತ್ರ ನನ್ನದೆಲ್ಲ ಗೊತ್ತಾಗುತ್ತಿತ್ತು. ನೀರು ಬೇಕೆನ್ನುವಷ್ಟರಲ್ಲಿ ಚೊಂಬು, ತಲೆ ಸಿಡಿಯುವ ದಿನ ಕೇಳದೆಯೇ ಹಬೆಯ ಪಾತ್ರೆ. ಮೂಗೆಂದರೆ ಇದು ಎಂದು ಹೆಮ್ಮೆಪಟ್ಟಿದ್ದೆ. ಒಂದೇ ಒಂದು ವಿಷಯದಲ್ಲಿ ಕೊರಗು ಉಳಿದಿತ್ತು. ಅವಳು ಅಂಗಡಿಗೆ ಬಂದು ಗಾದಿಯ ಮೇಲೆ ನನ್ನ ಪಕ್ಕದಲ್ಲಿ ಕೂರಬೇಕೆಂದು ನನಗೆ ಬಹಳ ಆಸೆ. ಇಡೀ ದಿನ ಪರವೂರಿನವರಂತೆ ಬೇರೆ ಬೇರೆ ಇದ್ದು, ಊಟದ ಹೊತ್ತಿಗೆ ಮುಖ ನೋಡುವುದು ನನಗೆ ಸಾಕಾಗಿತ್ತು. ಆದರೆ ಬಾಯಿಬಿಟ್ಟು ಕರೆಯಲಿಲ್ಲ. ಅವಳಿಗೆ ವಾಸನೆ ಬಂದೇ ಬರುತ್ತದೆ, ಬಂದೂ ಸುಮ್ಮನಿದ್ದಾಳೆ ಎಂದರೆ ಇಷ್ಟವಿಲ್ಲವೆಂದೇ ಅರ್ಥ, ಕೇಳಿ ಯಾಕೆ ಸಣ್ಣವನಾಗಬೇಕು ಎಂದುಕೊಂಡಿದ್ದೆ.

ಹೀಗಿರುವಾಗ ಡಾಕ್ಟರ್ ಉತ್ಪಲಾ ಎಂಬ ಹುಡುಗಿ ಒಂದು ಐಸ್ ಪೆಟ್ಟಿಗೆ ಹಿಡಿದುಕೊಂಡು ಊರಿಗೆ ಬಂದಳು. ದೊಡ್ಡ ಊರಿನ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಹೊರಗಿನವರಿಗೆ ನಮ್ಮ ವಾಸನೆ ಹತ್ತುವುದಿಲ್ಲ, ಆದರೆ ಅವರ ಆಸೆ ನಮ್ಮವರ ಮೂಗಿಗೆ ಬಡಿಯುತ್ತದೆ. ಬಸ್ಸಿಳಿದಾಗಲೇ ಅವಳಿಂದ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಘಮ್ಮೆಂದಿತಂತೆ. ಅವಳಿಗೆ ಬೇಕಾಗಿದ್ದದ್ದು ಹಳೇ ಸೈನಸ್ಸಿನವರ ಮೂಗು. ಪುಟ್ಟ ಕುಂಚದಂಥದ್ದನ್ನು ಹೊಳ್ಳೆಯೊಳಗೆ ಆಡಿಸಿ, ಅಂಟಿದ್ದನ್ನು ಶೀಶೆಗೆ ಹಾಕಿ ಐಸಿನಲ್ಲಿ ಇಡುವಳು. ಹೋಲಿಸಿ ನೋಡಲು ಚೆನ್ನಾಗಿರುವ ಮೂಗುಗಳೂ ಬೇಕು. ಯಾಕಮ್ಮ ಇದೆಲ್ಲ ಎಂದು ನಾನು ಕೇಳಿದೆ. ಮೈಯ ಒಂದೊಂದು ಕಣದಲ್ಲೂ ಜೀನ್‌ಗಳಿರುತ್ತವೆ, ಎಲ್ಲವೂ ಒಟ್ಟಿಗೆ ಕೆಲಸ ಮಾಡುವುದಿಲ್ಲ, ರೋಗದ ಮೂಗಿನಲ್ಲಿ ಯಾವುದು ದುಡಿಯುತ್ತಿದೆ ಯಾವುದು ಮಲಗಿದೆ ಎಂದು ಪತ್ತೆಯಾದರೆ ಒಳ್ಳೆಯ ಔಷಧಿಗೆ ದಾರಿಯಾಗುತ್ತದೆ ಎಂದಳು. ನಮ್ಮ ಪುರಸಭೆ ಕಚೇರಿ ಕಣ್ಣ ಮುಂದೆ ಬಂತು. ಎಲ್ಲರ ಹೆಸರೂ ಹಾಜರಿ ಪುಸ್ತಕದಲ್ಲಿದೆ, ದುಡಿಯುವವರು ಯಾರು ಎನ್ನುವುದೇ ಪ್ರಶ್ನೆ. ನಿಜವಾದ ರೋಗಿಗಳಿಗೆ ಪುಕ್ಕಟೆ ಚಿಕಿತ್ಸೆ ಕೊಟ್ಟು, ಮೂಗು ತೆರೆದ ಮೇಲೆ ಇನ್ನೊಮ್ಮೆ ಕುಂಚ ಆಡಿಸುತ್ತಾಳಂತೆ.

ಮೂಗು ತೆರೆಯುತ್ತದೆ ಎಂದದ್ದೇ ನನಗೆ ಹೆದರಿಕೆ ಹತ್ತಿತು. ತಲೆಭಾರ ಹೋಗುವುದು ಸುಖವೇ. ಆದರೆ ಮನೆಗೆ ಹೋಗಿ ಬಾಗಿಲು ತೆಗೆದಾಗ ಡೀಸೆಲ್ ವಾಸನೆ ಬಂದರೆ? ಕುಂಚಕ್ಕೆ ಮೂಗು ಕೊಟ್ಟೆ, ಚಿಕಿತ್ಸೆಯ ವಿಷಯ ಆಮೇಲೆ ನೋಡೋಣವೆಂದೆ. ಚೆನ್ನಾಗಿರುವ ಮೂಗಿನವರ ಸಾಲಿನಲ್ಲಿ ನಿಂತು ಸರ್ವಮಂಗಳೆಯೂ ಕೊಟ್ಟಳು.

ಡಾಕ್ಟರು ಹುಡುಗಿಗೆ ಅಷ್ಟೊಂದು ರೋಗಿಗಳು ಸಿಗುತ್ತಾರೆಂಬ ಭರವಸೆ ಇರಲಿಲ್ಲ. ಆದರೆ ದಿನ ಕಳೆದಂತೆ ಸಾಲು ಬೆಳೆಯಿತು. ಮೇಷ್ಟರು ಬಂದರು, ಮಿಲ್ಲಿನವರು ಬಂದರು, ಸಿಮೆಂಟಿನ ಗುರುಬಸಪ್ಪನೂ ಹಣೆ ಹಿಡಿದುಕೊಂಡು ನರಳುತ್ತಾ ಬಂದ. ಎಲ್ಲರಿಗೂ ಸೈನಸ್ಸೇ. ಹುಡುಗಿ ಹಿಗ್ಗಿ ಪೆಟ್ಟಿಗೆ ತುಂಬಿಸಿ ಕಳಿಸಿದಳು. ಫಲಿತಾಂಶ ಬಂದಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ರೋಗಿಗಳೆಂದು ಬರೆದ ಹೆಚ್ಚಿನವರ ಮೂಗಿನಲ್ಲಿ ಜೀನ್‌ಗಳೆಲ್ಲ ಆರೋಗ್ಯವಂತರ ಹಾಗೆಯೇ ದುಡಿಯುತ್ತಿದ್ದವು. ಶೀಶೆ ಅದಲುಬದಲು ಮಾಡಿದ್ದೀಯ, ಹೀಗಾದರೆ ಸಂಶೋಧನೆ ನಿಲ್ಲಿಸಿ ವಾಪಸು ಬಾ ಎಂದು ಅವಳ ಪ್ರೊಫೆಸರು ಫೋನಿನಲ್ಲಿ ಗದರಿದರಂತೆ. ಅವಳು ನೇರ ನನ್ನ ಅಂಗಡಿಗೆ ಬಂದು, ಗಾದಿಯ ಅಂಚಿನಲ್ಲಿ ಕೂತು ಅತ್ತಳು. ಬೇರೆಲ್ಲಿ ಅತ್ತರೂ ಜನ ಏನಾದರೂ ತಂದುಕೊಡುತ್ತಾರೆ, ನಿಮ್ಮ ಅಂಗಡಿಯಲ್ಲಿ ನೆಮ್ಮದಿಯಾಗಿ ಅಳಬಹುದು ಎಂದಳು.

ಅಲ್ಲಿಗೆ ನನಗೆ ಹೊಳೆಯಿತು. ನಮ್ಮ ಜನ ಸುಳ್ಳುಗಾರರಲ್ಲ, ಮರ್ಯಾದಸ್ಥರು. ಹುಡುಗಿಗೆ ರೋಗದ ಮೂಗು ಬೇಕೆಂದು ವಾಸನೆ ಬಡಿಯಿತು, ಕೈಲಾದದ್ದನ್ನು ತಂದುಕೊಟ್ಟರು. ಈಗ ಅವಳಿಗೆ ನಿಜ ಬೇಕಾಗಿದೆ, ಆದರೆ ಒಂದು ಸಲ ಹೇಳಿದ್ದನ್ನು ತಿರುಗಿಸಿ ಹೇಳಲು ಎಲ್ಲರಿಗೂ ನಾಚಿಕೆ. ಹಾಗಾದರೆ ಅವರ ಮರ್ಯಾದೆಯಿಂದಲೇ ಅವರನ್ನು ಹಿಡಿಯಬೇಕು. ನಾನು ಕೇಳಿದೆ, "ಮೇಡಂ, ನಿಮಗೆ ತಿನ್ನೋದರಲ್ಲಿ ಪ್ರಾಣ ಯಾವುದು?"

"ಮೆಣಸಿನಕಾಯಿ ಬಜ್ಜಿ" ಎಂದಳು, ಮೂಗು ಒರೆಸಿಕೊಳ್ಳುತ್ತಾ.

ಕಲ್ಯಾಣ ಮಂಟಪದ ಒಂದು ಕೋಣೆ ಹಿಡಿದೆವು. ಬೆಳಿಗ್ಗೆಯಿಂದ ಏನೂ ತಿನ್ನದೆ ಡಾಕ್ಟರು ಅದರೊಳಗೆ ಕೂತು ಬಜ್ಜಿಯನ್ನೇ ನೆನೆಯುವುದು. ಮುಖದ ಮೇಲೆ ಹಸಿವು ಕಂಡು ಯಾರೂ ಊಹಿಸಬಾರದೆಂದು ಅವಳ ಮುಂದೆ ದಪ್ಪ ಪರದೆ ಕಟ್ಟಿಸಿದೆ, ಅಂಗಡಿಯದೇ ಬಟ್ಟೆ. ಕುಂಚಕ್ಕೆ ಮೂಗು ಕೊಟ್ಟವರೆಲ್ಲ, ರೋಗಿಗಳೂ ಅಲ್ಲದವರೂ, ಮುಂದಿನ ಬಾಗಿಲಿಂದ ಒಬ್ಬೊಬ್ಬರೇ ಬಂದು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಹಿಂದಿನ ಬಾಗಿಲಿಂದ ಹೋಗಬೇಕು. ಹಿತ್ತಿಲಲ್ಲಿ ಹೊನ್ನಮ್ಮನ ಬಜ್ಜಿಯ ಗಾಡಿ. ಮೂಗಿದ್ದವರು ಸುಮ್ಮನೆ ಹೋಗಲಾರರು ಎಂಬುದು ನನ್ನ ಎಣಿಕೆ. ನಾನು ಬೆಂಚಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ.

ಮೊದಲು ಬಂದವನು ಗುರುಬಸಪ್ಪ. ಹಣೆ ಹಿಡಿದು ಎರಡು ಸಲ ನರಳಿದ, ಮೂರನೇ ನರಳಿಕೆ ಅರ್ಧಕ್ಕೇ ನಿಂತಿತು. ಮೂಗಿನ ತುದಿ ಅದುರಿತು. ಬೇರೆ ಕಡೆ ನೋಡಿದ, ಉಸಿರು ಬಿಗಿಹಿಡಿದ, ಆಗಲಿಲ್ಲ. ಎದ್ದು ಹಿಂದಿನ ಬಾಗಿಲಿಂದ ಹೋಗಿ, ತಟ್ಟೆಯಲ್ಲಿ ಬಿಸಿ ಬಜ್ಜಿ ತಂದು ಪರದೆಯ ಕೆಳಗೆ ತಳ್ಳಿ, ನನ್ನ ಮುಖ ನೋಡದೆ ಹೊರಟುಹೋದ. ಮೇಷ್ಟರದೂ ಅದೇ ಕತೆ, ಜೊತೆಗೆ ಚಟ್ನಿ ಬೇರೆ. ತಟ್ಟೆಗಳು ಪರದೆಯ ಹಿಂದೆ ಸೇರುತ್ತಾ ಹೋದವು. ಒಂದು ತುಂಡು ತಿಂದರೂ ಆಸೆ ಇಳಿದು ಪರೀಕ್ಷೆ ಕೆಡುತ್ತದೆಂದು ಹುಡುಗಿಗೆ ಮುಟ್ಟಲು ಅಪ್ಪಣೆ ಇರಲಿಲ್ಲ. ಒಳಗಿಂದ ಒಂದೊಂದು ಸಲ ನಿಟ್ಟುಸಿರು ಕೇಳುತ್ತಿತ್ತು. ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ತಿಪ್ಪೇಶಿ ಬಂದಾಗ ಮಾತ್ರ ಬೇರೆಯಾಯಿತು. ಅವನು ಕಾಲು ಅಲ್ಲಾಡಿಸುತ್ತಾ ಕೂತು, ನಿಟ್ಟುಸಿರು ಕೇಳಿ, "ಯಾರವ್ವಾ ಒಳಗಿರೋದು, ಏನು ಬೇಕಿತ್ತು" ಎಂದ. ಪರದೆಯೊಳಗಿಂದ ಡಾಕ್ಟರ ದನಿ ಬಂತು, ಇವರು ನಿಜವಾದ ರೋಗಿ ಎಂದು ಬರೆದುಕೊಳ್ಳಿ ಎಂದು. ನಮ್ಮೂರಲ್ಲಿ ಆ ಪ್ರಶ್ನೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅವನ ಹಿಂದೆಯೇ ಸರ್ವಮಂಗಳೆ ಬಂದಳು. ನನ್ನ ಎದೆ ಉಬ್ಬಿತು, ಇವಳು ಕೂರುವ ಮೊದಲೇ ಬಜ್ಜಿಗೆ ಹೊರಡುತ್ತಾಳೆ ಎಂದುಕೊಂಡೆ. ಅವಳು ಕೂತಳು. ನನ್ನ ಮುಖ ನೋಡಿದಳು. ಪರದೆ ನೋಡಿದಳು. ಪರದೆಯ ಅಂಚು, ಕೆಳಗಿನ ಸಂದು, ಗೋಡೆ, ಮತ್ತೆ ನನ್ನ ಮುಖ, ಎಲ್ಲದರ ಮೇಲೂ ಅವಳ ಕಣ್ಣು ಓಡಾಡಿತು. ಏನನ್ನೋ ಕಳೆದುಕೊಂಡು ಹುಡುಕುವವರ ಹಾಗಿತ್ತು. ಕೊನೆಗೆ ಸೆರಗು ಸರಿಮಾಡಿಕೊಂಡು, ಬಹಳ ಮೆಲ್ಲಗೆ, "ಏನಾದ್ರೂ ಬೇಕಾಗಿತ್ತಾಮ್ಮ" ಎಂದಳು.

"ಇವರದೂ ಕಟ್ಟಿದ ಮೂಗೇ" ಎಂದಳು ಡಾಕ್ಟರು ಒಳಗಿನಿಂದ, ಹೊರಗೆ ಯಾರಿದ್ದಾರೆಂದು ತಿಳಿಯದೆ.

ನಾನು ಕುರ್ಚಿಯಿಂದ ಎದ್ದವನು ಮತ್ತೆ ಕೂರಲಿಲ್ಲ. ಹಿತ್ತಿಲಿಂದ ತಿಪ್ಪೇಶಿಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿ ಅವಳ ಹಿಂದೆ ಮನೆಗೆ ನಡೆದೆ. ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆಂದು ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವಳೇ ಶುರುಮಾಡಿದಳು. ಹುಟ್ಟಿದಾಗಿನಿಂದಲೂ ಹೀಗೆಯೇ. ಮೂಗು ಕಟ್ಟಿದ ಗಂಡಸಿಗಾದರೆ ಅಂಗಡಿ ಸಿಗುತ್ತದೆ, ಹೆಣ್ಣಿಗೆ ಗಂಡು ಸಿಗುವುದಿಲ್ಲ. ಬಂದ ನೆಂಟರಿಗೆ ಬೇಕಾದದ್ದು ತಿಳಿಯದವಳು ಎಂಥ ಗೃಹಿಣಿ ಎನ್ನುತ್ತಾರೆ. ಅದಕ್ಕೇ ಅವಳ ಅಪ್ಪ ಯಾರಿಗೂ ಹೇಳಬೇಡ ಎಂದಿದ್ದರಂತೆ. ಮತ್ತೆ ನನ್ನ ಹಬೆ, ನನ್ನ ನೀರಿನ ಚೊಂಬು ಎಂದೆ. "ನೋಡ್ತೀನಲ್ಲ" ಎಂದಳು. ನೀರಡಿಕೆಯಾದರೆ ನಾನು ತುಟಿ ಸವರಿಕೊಳ್ಳುತ್ತೇನಂತೆ. ತಲೆ ಸಿಡಿಯುವ ದಿನ ಎಡಗಣ್ಣು ಸಣ್ಣದಾಗುತ್ತದಂತೆ. ನನಗೇ ಗೊತ್ತಿಲ್ಲದ್ದನ್ನೆಲ್ಲ ಒಂದೊಂದಾಗಿ ಹೇಳಿದಳು.

"ನನಗಾದ್ರೂ ಹೇಳಬಹುದಿತ್ತಲ್ಲ ಮಂಗಳಾ. ದಿನಾ ಕೇಳ್ತಿದ್ದೆ, ಏನು ಬೇಕು ಅಂತ."

"ಕೇಳ್ತಿದ್ರಿ. ಅಂಗಡೀಲಿ ಗಿರಾಕಿಗಳನ್ನ ಕೇಳೋ ದನೀಲೇ ಕೇಳ್ತಿದ್ರಿ. ಗಿರಾಕಿಗಳು ಏನಂತಾರೆ, ಏನೂ ಬೇಡ ಅಂತಾರೆ."

ಆ ಮಾತು ನನಗೆ ಸರಿಯಾಗಿ ತಾಕಿತು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತು, ಈ ಸಲ ಬೇರೆ ದನಿಯಲ್ಲಿ ಕೇಳಿದೆ. ಡೀಸೆಲ್ ಎಂದರೂ ಸರಿ, ಕೇಳಿಸಿಕೊಳ್ಳುತ್ತೇನೆ ಎಂದು ಗಟ್ಟಿಮನಸ್ಸು ಮಾಡಿದ್ದೆ. ಅವಳು ಸೆರಗಿನ ಅಂಚನ್ನು ಮಡಿಸಿದಳು, ಬಿಡಿಸಿದಳು.

"ಅಂಗಡೀಗೆ ಬಂದು ನಿಮ್ಮ ಪಕ್ಕ ಕೂತ್ಕೋಬೇಕು. ಸೀರೆ ಹಾಸಬೇಕು, ಮಡಿಸಬೇಕು. ಮದುವೆ ಆದಾಗಿಂದ ಇದೇ. ನೀವು ಕರೀಲಿಲ್ಲ, ನಿಮಗೆ ಇಷ್ಟ ಇಲ್ಲ ಅಂದ್ಕೊಂಡೆ."

ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ, ಎರಡಕ್ಕೂ ಮೂಗು ಸೋರುತ್ತದೆ. ನನ್ನದೂ ಅದೇ ಆಸೆ ಎಂದೆ. ಅಷ್ಟರಲ್ಲಿ ಹೊನ್ನಮ್ಮ ಉಳಿದ ಬಜ್ಜಿ ಹಿಡಿದುಕೊಂಡು ಬಂದಳು. ಕಲ್ಯಾಣ ಮಂಟಪದ ಹತ್ತಿರ ಡಾಕ್ಟರ ಆಸೆ ಬೀದಿಗೆ ಹರಿದು, ಪರೀಕ್ಷೆಗೆ ಸಂಬಂಧವಿಲ್ಲದ ದಾರಿಹೋಕರೂ ಬಜ್ಜಿ ತಂದು ಸುರಿಯುತ್ತಿದ್ದಾರೆಂದು ಸುದ್ದಿ ಹೇಳಿದಳು. ನಾನು ಅವಳ ಮೇಲೆ ಹರಿಹಾಯ್ದೆ, ನಿಮಗೆಲ್ಲ ಗೊತ್ತಿತ್ತಲ್ಲ, ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತೇ ಎಂದು. ಹೊನ್ನಮ್ಮ ಬಜ್ಜಿಯ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟಳು.

"ಏನ್ ಮಾಡೋಣ ಮುರಿಗೆಪ್ಪಣ್ಣ, ಹೇಳೋ ಹಂಗಿಲ್ಲವಲ್ಲ. ನಿಮ್ಮ ಮನೆ ಮುಂದೆ ಹೋದ್ರೆ ಹೊಸ ಸೀರೆ ಗಂಜಿ ವಾಸನೆ, ನಿಮ್ಮ ಅಂಗಡಿ ಮುಂದೆ ಹೋದ್ರೆ ಮಂಗಳಕ್ಕನ ಒಗ್ಗರಣೆ ವಾಸನೆ. ಊರೋರೆಲ್ಲ ಮೂಗು ಹಿಡ್ಕೊಂಡು ಓಡಾಡಿ ಸಾಕಾಗಿದೆ."

ಮಾರನೆಯ ದಿನದಿಂದಲೇ ಸರ್ವಮಂಗಳೆ ಗಾದಿ ಏರಿದಳು. ಡಾಕ್ಟರು ನಿಜವಾದ ರೋಗಿಗಳ ಹೆಸರುಗಳನ್ನಷ್ಟೇ ಬೇರೆಮಾಡಿ ಕಳಿಸಿದಳು, ಈ ಸಲ ಲೆಕ್ಕ ಕೂಡಿತು. ಊತ ಬರಿಸುವ ಜೀನ್‌ಗಳು ನಮ್ಮ ಮೂಗಿನಲ್ಲಿ ಹಗಲಿರುಳು ದುಡಿಯುತ್ತಿವೆ, ವಾಸನೆಯ ಕಡೆಯವು ಕುರ್ಚಿಗೆ ಕೋಟು ಹಾಕಿ ಎದ್ದು ಹೋಗಿವೆ ಎಂದು ನನಗೆ ಅರ್ಥವಾಗುವ ಹಾಗೆ ಹೇಳಿದಳು. ಪ್ರೊಫೆಸರು ಶಹಭಾಸ್ ಎಂದರಂತೆ. ನನಗೆ ಹೆದರಿಕೆ ಹೋಗಿತ್ತು, ಚಿಕಿತ್ಸೆಗೆ ಒಪ್ಪಿದೆ. ಸರ್ವಮಂಗಳೆ ಒಪ್ಪಲಿಲ್ಲ. ಅವಳಿಗೆ ತಲೆನೋವಿನ ಕಾಟವಿಲ್ಲ, ಬೇಕಾದರೆ ಇನ್ನೊಂದು ಸಲ ಕುಂಚ ಆಡಿಸಿಕೊಳ್ಳಿ ಎಂದಳು. "ನಂದು ಹಿಂಗೇ ಇರ್ಲಿ. ಮೂಗು ಬಂದ್ರೆ ನಿಮ್ಮ ಮುಖ ನೋಡೋದು ಬಿಟ್ಟುಬಿಡ್ತೀನೇನೋ" ಎಂದು ನನಗೆ ಹೇಳಿದಳು.

ಉಪ್ಪುನೀರಿನಲ್ಲಿ ಮೂಗು ತೊಳೆದು, ಮಾತ್ರೆ ನುಂಗಿ, ಹೊಳ್ಳೆಗೆ ಔಷಧಿ ಚಿಮ್ಮಿಸಿಕೊಂಡು ಬರುತ್ತಿದ್ದಾಗ ಒಂದು ದಿನ ವ್ಯಾಪಾರದ ನಡುವೆ ಎಡಹೊಳ್ಳೆ ಬಿಟ್ಟುಕೊಂಡಿತು. ಹಣೆಯ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟರು. ಆಹಾ ಎನ್ನುವಷ್ಟರಲ್ಲಿ ಎದುರಿಗೆ ಕೂತಿದ್ದ ಮೇಷ್ಟರ ಹೆಂಡತಿಯಿಂದ ಏನೋ ಬಂತು, ಕೈ ತಾನಾಗಿ ಮೇಲಿನ ಅಟ್ಟಣೆಗೆ ಹೋಯಿತು, ಕೆಂಪಂಚಿನ ಹಸಿರು ಸೀರೆ ಎಳೆದು ಹಾಸಿದೆ. ಆಕೆ ಅವಮಾನವಾದವಳಂತೆ ಎದ್ದು ಹೋದಳು. ಗುರುಬಸಪ್ಪನ ಗತಿ ನೆನಪಾಗಿ ಬೆವರಿದೆ. ಅಂದಿನಿಂದ ಅಂಗಡಿಯಲ್ಲಿರುವಷ್ಟು ಹೊತ್ತು ಎರಡು ಹೊಳ್ಳೆಗೂ ಹತ್ತಿ ಇಟ್ಟುಕೊಂಡು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಕೂರುತ್ತೇನೆ. ಗಿರಾಕಿಗಳಿಗೂ ಸಮಾಧಾನ.

ಆದರೆ ನನಗೆ ಬೇಕಾಗಿದ್ದ ವಾಸನೆ ಬೇರೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಹತ್ತಿ ಕಿತ್ತು, ಸೀರೆ ಮಡಿಸುತ್ತಿದ್ದ ಸರ್ವಮಂಗಳೆಯ ಹತ್ತಿರ ಸರಿದು ಮೂಗೆಳೆದೆ. ಏನೂ ಬರಲಿಲ್ಲ. ಇನ್ನೂ ಹತ್ತಿರ ಹೋಗಿ ಎಳೆದೆ. ಇಲ್ಲ. ಮೂಗು ಮತ್ತೆ ಕಟ್ಟಿತೆಂದು ಗಾಬರಿಯಾಗಿ ಬೀದಿಗೆ ಓಡಿದೆ. ಹೊನ್ನಮ್ಮನ ಗಾಡಿಯ ಎಣ್ಣೆ ಬಂತು, ಮಂಡಿಗೆ ಹೋಗುತ್ತಿದ್ದ ತಿಪ್ಪೇಶಿಯಿಂದ ಬೀಡಿಯ ಆಸೆ ಬಂತು, ಬಸ್‌ಸ್ಟ್ಯಾಂಡಿನ ಕಡೆ ನಿಂತ ಯಾರದೋ ಡೀಸೆಲ್ಲೂ ಬಂತು. ಮೂಗು ಗಟ್ಟಿಮುಟ್ಟಾಗಿಯೇ ಇತ್ತು. ಮೆಟ್ಟಿಲು ಹತ್ತಿ ವಾಪಸು ಬಂದು ಅವಳ ಪಕ್ಕ ಕೂತೆ.

"ಏನು ಬೇಕು ಮಂಗಳಾ" ಎಂದೆ.

"ಏನೂ ಬೇಡ" ಎಂದಳು.

ಇಷ್ಟು ವರ್ಷ ದಿನಾ ಬೆಳಿಗ್ಗೆ ಕೇಳಿದ್ದ ಮಾತೇ. ಒಂದು ದಿನವೂ ಅದನ್ನು ನಂಬಿಕೊಂಡು ಅಂಗಡಿಗೆ ಹೋಗಿರಲಿಲ್ಲ. ಅವಳು ಸೀರೆಯ ಕೊನೆಯ ಮಡಿಕೆ ಹಾಕಿ, ತಲೆಯೆತ್ತಿ ನನ್ನ ಮುಖವನ್ನು ಚೆನ್ನಾಗಿ ನೋಡಿ, ನಾನು ಕೇಳುವ ಮೊದಲೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು.